ಮನೆಯ ಗಣಕಯಂತ್ರದಲ್ಲಿ ವರ್ಚುವಲ್ ಮೆಮೊರಿ ಕೊರತೆ: ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಮುಂತಾದ ಬೆಂಗಳೂರಿನ ಪೂರ್ವ ಭಾಗದ ನಾಗರಿಕರು ಇ-ಖಾತಾ, ಋಣಭಾರ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಮೊದಲಾದವುಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿ ಭರ್ತಿ ಮಾಡುತ್ತಿರುವಾಗ ಮೆಮೊರಿ ಸಾಲದೆಂಬ ಸಂದೇಶ ಬಂದು ಬ್ರೌಸರ್ ಮುಚ್ಚಿಹೋದಲ್ಲಿ, ಉಳಿಸದೇ ಇರುವ ವಿವರಗಳು ನಷ್ಟವಾಗುವ ಸಾಧ್ಯತೆ ಇರುತ್ತದೆ. ಇದಕ್ಕಾಗಿ ಹೊಸ ಯಂತ್ರ ಖರೀದಿಸುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ವಿಂಡೋಸ್ ಅಳವಡಿಸಿರುವ ಯಂತ್ರಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ವರ್ಚುವಲ್ ಮೆಮೊರಿ ಎಂದರೇನು?

ಗಣಕಯಂತ್ರವು ಚಾಲನೆಯಲ್ಲಿರುವ ಕೆಲಸವನ್ನು ರ್ಯಾಮ್‌ನಲ್ಲಿ ಇರಿಸಿಕೊಳ್ಳುತ್ತದೆ. ರ್ಯಾಮ್ ತುಂಬುತ್ತಾ ಬಂದಾಗ, ಆ ಕ್ಷಣಕ್ಕೆ ಬೇಡವಾದ ಭಾಗವನ್ನು ಡಿಸ್ಕ್‌ನಲ್ಲಿರುವ ‘ಪೇಜಿಂಗ್ ಫೈಲ್’ಗೆ ವರ್ಗಾಯಿಸಿ, ಬೇಕಾದಾಗ ಮರಳಿ ತರುತ್ತದೆ. ಈ ವಿಧಾನವನ್ನು 1962ರಷ್ಟು ಹಿಂದೆಯೇ ಮ್ಯಾಂಚೆಸ್ಟರ್‌ನ ಅಟ್ಲಾಸ್ ಯಂತ್ರದಲ್ಲಿ ಬಳಸಲಾಗಿತ್ತು. ಡಿಸ್ಕ್ ರ್ಯಾಮ್‌ಗಿಂತ ಬಹಳ ನಿಧಾನವಾದುದರಿಂದ, ಪೇಜಿಂಗ್ ಫೈಲನ್ನು ಹಿಗ್ಗಿಸಿದ ಮಾತ್ರಕ್ಕೆ ಯಂತ್ರದ ವೇಗ ಹೆಚ್ಚುವುದಿಲ್ಲ; ಕೆಲಸ ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ, ಅಷ್ಟೆ.

ಮೊದಲು ಪರಿಶೀಲಿಸಬೇಕಾದ ಅಂಶ

ಕೊರತೆಗೆ ಅನೇಕ ವೇಳೆ ಸ್ಕ್ಯಾನ್ ಮಾಡಿದ ದಾಖಲೆಗಳೇ ಕಾರಣವಾಗಿರುತ್ತವೆ. ಎ4 ಅಳತೆಯ ಒಂದು ಪುಟವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ತೆರೆದಿಟ್ಟರೆ ಅದು ಮೆಮೊರಿಯಲ್ಲಿ ಸುಮಾರು 100 ಎಂಬಿ ಸ್ಥಳ ಹಿಡಿಯುತ್ತದೆ. ಇಪ್ಪತ್ತು ಪುಟಗಳ ಕ್ರಯಪತ್ರವನ್ನು ಹೀಗೆ ತೆರೆದಿಟ್ಟಲ್ಲಿ 2 ಜಿಬಿಯಷ್ಟು ಬೇಕಾಗುವುದು. 4 ಜಿಬಿ ರ್ಯಾಮ್ ಇರುವ ಯಂತ್ರಕ್ಕೆ ಇದು ಸಣ್ಣ ಹೊರೆಯಲ್ಲ. ಅದೇ ಪುಟಕ್ಕೆ 200 ಡಿಪಿಐನಲ್ಲಿ ಸುಮಾರು 11 ಎಂಬಿ ಸಾಕು, ಅಕ್ಷರಗಳೂ ಸ್ಪಷ್ಟವಾಗಿರುತ್ತವೆ. ಆದ್ದರಿಂದ ದಾಖಲೆಗಳನ್ನು ಮೊದಲೇ ಸಿದ್ಧಪಡಿಸಿ, ಸ್ಕ್ಯಾನರ್ ತಂತ್ರಾಂಶವನ್ನು ಮುಚ್ಚಿದ ನಂತರವೇ ಅರ್ಜಿ ನಮೂನೆಯನ್ನು ತೆರೆಯತಕ್ಕದ್ದು.

ಸೆಟಿಂಗ್ ಸರಿಪಡಿಸುವ ವಿಧಾನ

ಸಿ ಡ್ರೈವ್‌ನಲ್ಲಿ ಖಾಲಿ ಸ್ಥಳವಿಲ್ಲದಿದ್ದರೆ ಪೇಜಿಂಗ್ ಫೈಲ್ ಬೆಳೆಯಲಾರದು; ಬೇಡದ ಕಡತಗಳನ್ನು ಮೊದಲು ತೆಗೆದುಹಾಕಬೇಕು. ತದನಂತರ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟಿಂಗ್ಸ್’ ತೆರೆದು, ‘ಪರ್ಫಾರ್ಮೆನ್ಸ್’ ಭಾಗದ ‘ಸೆಟಿಂಗ್ಸ್’ ಒತ್ತಿ, ‘ಅಡ್ವಾನ್ಸ್ಡ್’ ಪುಟದಲ್ಲಿ ‘ವರ್ಚುವಲ್ ಮೆಮೊರಿ’ಯ ‘ಚೇಂಜ್’ ಗುಂಡಿಯನ್ನು ಒತ್ತಬೇಕು. ಪೇಜಿಂಗ್ ಫೈಲ್‌ನ ಗಾತ್ರವನ್ನು ಎಲ್ಲ ಡ್ರೈವ್‌ಗಳಿಗೂ ವಿಂಡೋಸ್ ತಾನೇ ನಿರ್ವಹಿಸುವ ಆಯ್ಕೆಯು ಮೇಲ್ಭಾಗದಲ್ಲಿದ್ದು, ಅದನ್ನು ಗುರುತು ಮಾಡಿ ಯಂತ್ರವನ್ನು ಮರುಚಾಲನೆಗೊಳಿಸಬೇಕು.

ವೇಗ ಹೆಚ್ಚುತ್ತದೆಂಬ ಸಲಹೆಯನ್ನು ನಂಬಿ ಕೆಲವರು ‘ನೋ ಪೇಜಿಂಗ್ ಫೈಲ್’ ಆಯ್ಕೆ ಮಾಡಿರುತ್ತಾರೆ. ಕಡಿಮೆ ರ್ಯಾಮ್ ಇರುವ ಯಂತ್ರಗಳಲ್ಲಿ ಮೇಲಿನ ತೊಂದರೆಗೆ ಇದೇ ಮೂಲವಾಗಬಹುದು. ವಿಂಡೋಸ್ ಎಕ್ಸ್‌ಪಿ ಕಾಲದ, ರ್ಯಾಮ್‌ನ ಒಂದೂವರೆ ಪಟ್ಟು ಎಂಬ ಲೆಕ್ಕವನ್ನು ಈಗ ಅನುಸರಿಸಬೇಕಾಗಿಲ್ಲ. ಗಾತ್ರವನ್ನು ತಾವೇ ನಮೂದಿಸುವವರು ಅಂಕಿಯನ್ನು ಎಂಬಿಯಲ್ಲಿ ಬರೆಯಬೇಕು: 4 ಜಿಬಿ ಎಂದರೆ 4096, ಕೇವಲ 4 ಎಂದು ಬರೆದರೆ ಆಗದು.

ಇಷ್ಟಾದರೂ ಸಂದೇಶ ಮರುಕಳಿಸಿದಲ್ಲಿ ರ್ಯಾಮ್ ಹೆಚ್ಚಿಸಿಕೊಳ್ಳುವುದೇ ಸರಿಯಾದ ಪರಿಹಾರ. ಅಲ್ಲಿಯವರೆಗೆ 2005ರಲ್ಲಿ ಆರಂಭವಾದ ಬೆಂಗಳೂರು ಒನ್ ಯೋಜನೆಯ ಹತ್ತಿರದ ಕೇಂದ್ರದಲ್ಲಿ ಹಲವು ಸೇವೆಗಳನ್ನು ಪಡೆಯಬಹುದು.

ವಿಶೇಷ ಸೂಚನೆ: ಶುಲ್ಕ ಪಾವತಿಯ ಹಂತದಲ್ಲಿ ಬ್ರೌಸರ್ ಮುಚ್ಚಿಹೋದರೆ ಅರ್ಜಿದಾರರು ಕೂಡಲೇ ಎರಡನೇ ಬಾರಿ ಪಾವತಿಸಬಾರದು. ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂಬುದನ್ನು ಹಾಗೂ ಜಾಲತಾಣದಲ್ಲಿ ಅರ್ಜಿಯ ಸ್ಥಿತಿಯನ್ನು ನೋಡಿಕೊಂಡ ನಂತರವೇ ಮುಂದುವರಿಯತಕ್ಕದ್ದು.