ಬಾಣಂತಿಯರಿಗೆ ವಂಕಿ: ತುಮಕೂರು, ಗುಬ್ಬಿ, ಕುಣಿಗಲ್

ಹೆರಿಗೆಯಾದ ಕೂಡಲೇ, ಇಲ್ಲವೇ 48 ಗಂಟೆಯೊಳಗೆ, ಬಾಣಂತಿಯ ಗರ್ಭಕೋಶದೊಳಗೆ ವಂಕಿ ಅಥವಾ ಕಾಪರ್ ಟಿ ಇಡುವ ತಾತ್ಕಾಲಿಕ ಗರ್ಭನಿರೋಧ ಕ್ರಮ. ಸರ್ಕಾರಿ ದಾಖಲೆಗಳಲ್ಲಿ ಇದರ ಹೆಸರು ಪಿಪಿಐಯುಸಿಡಿ. ತುಮಕೂರು ಜಿಲ್ಲಾ ಆಸ್ಪತ್ರೆ, ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಂಥ ಸರ್ಕಾರಿ ಹೆರಿಗೆ ವಾರ್ಡುಗಳಿಗೆ ಇದು ಬಂದದ್ದು ಈಚೆಗೆ.

ತುಮಕೂರು ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತ್ತು. ವಂಕಿ ಬಂದದ್ದು 1965ರಲ್ಲಿ, ಪ್ಲಾಸ್ಟಿಕ್‌ನ ಲಿಪ್ಪೆಸ್ ಲೂಪ್ ಆಗಿ. ಹಾಕುವ ಅವಸರ ಹೆಚ್ಚು, ಹಾಕಿದ ಮೇಲೆ ವಿಚಾರಿಸುವವರು ಕಡಿಮೆ. ರಕ್ತಸ್ರಾವ, ಹೊಟ್ಟೆನೋವಿನ ಸುದ್ದಿ ಹಬ್ಬಿ ಎರಡು ಮೂರು ವರ್ಷಗಳಲ್ಲೇ ಬೇಡಿಕೆ ಇಳಿಯಿತು. 1973ರಲ್ಲಿ ವಿಶ್ವಬ್ಯಾಂಕ್ ನೆರವಿನ ಮೊದಲ ಭಾರತ ಜನಸಂಖ್ಯಾ ಯೋಜನೆ ಬೆಂಗಳೂರು ವಿಭಾಗವನ್ನು ಆರಿಸಿಕೊಂಡಾಗ ತುಮಕೂರು ಜಿಲ್ಲೆಯೂ ಅದರಲ್ಲಿತ್ತು. ಆದರೆ ಆ ಕಾಲದ ಒತ್ತು ಆಪರೇಷನ್ ಮೇಲೆ. ಆ ಒಲವು ಇನ್ನೂ ಹೋಗಿಲ್ಲ: 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು.

ಬಾಣಂತಿಗೆ ವಂಕಿ ಹಾಕಬೇಕಾದರೆ ಮೊದಲು ಹೆರಿಗೆ ಆಸ್ಪತ್ರೆಯಲ್ಲಾಗಬೇಕು. 1992–93ರಲ್ಲಿ ರಾಜ್ಯದಲ್ಲಿ ಶೇ. 38ರಷ್ಟಿದ್ದ ಆಸ್ಪತ್ರೆ ಹೆರಿಗೆ 2019–21ಕ್ಕೆ ಶೇ. 97 ಮುಟ್ಟಿತು. ಇದರ ನಡುವೆ 2002ರಲ್ಲಿ ಹತ್ತು ವರ್ಷ ಬಾಳುವ 380ಎ ಕಾಪರ್ ಟಿ ಸರ್ಕಾರಿ ಕಾರ್ಯಕ್ರಮ ಸೇರಿತ್ತು. 2010ರಿಂದ ಕೇಂದ್ರ ಸರ್ಕಾರ ಹೆರಿಗೆ ಕೊಠಡಿಯಲ್ಲೇ ಅದನ್ನು ಹಾಕುವ ತರಬೇತಿಗೆ ಕೈಹಾಕಿತು.

ಕೆಲಸ ನಾಜೂಕಿನದು. ಮಾಸು ಬಿದ್ದ ಹತ್ತು ನಿಮಿಷದೊಳಗೆ ಉದ್ದನೆಯ ಇಕ್ಕಳದಿಂದ ವಂಕಿಯನ್ನು ಗರ್ಭಕೋಶದ ಮೇಲ್ತುದಿಯವರೆಗೆ ಒಯ್ದು ಬಿಡಬೇಕು. ಇನ್ನೊಂದು ಕೈ ಹೊಟ್ಟೆಯ ಮೇಲಿಂದ ಗರ್ಭಕೋಶವನ್ನು ಹಿಡಿದಿರಬೇಕು. ಸಿಸೇರಿಯನ್‌ನಲ್ಲಿ ಹೊಲಿಗೆಗೆ ಮುಂಚೆಯೇ ಇಟ್ಟುಬಿಡುತ್ತಾರೆ. 48 ಗಂಟೆ ಮೀರಿದರೆ ಆರು ವಾರ ಕಾಯಬೇಕು. ಗರ್ಭನೀರಿನ ಚೀಲ ಒಡೆದು 18 ಗಂಟೆ ದಾಟಿದ್ದರೆ, ಸೋಂಕಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ ಹಾಕುವಂತಿಲ್ಲ. ಎದೆಹಾಲಿಗೆ ತೊಂದರೆಯಿಲ್ಲ, ಆದರೆ ತಾನಾಗಿ ಜಾರಿಬೀಳುವ ಸಂಭವ ಬೇರೆ ಸಮಯದಲ್ಲಿ ಹಾಕಿದ್ದಕ್ಕಿಂತ ಹೆಚ್ಚು.

ಒಪ್ಪಿಗೆಯನ್ನು ಬಸಿರಿನಲ್ಲೇ, ತಪಾಸಣೆಗೆ ಬಂದಾಗ ಕೇಳಬೇಕು, ಜೋರು ಬೇನೆಯಲ್ಲಲ್ಲ ಎಂಬುದು ನಿಯಮ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಕಡೆ ಇದು ಸುಲಭವಲ್ಲ. ಕುಣಿಗಲ್ಲಿನ ಸೊಸೆಗೆ ತಿಳಿಹೇಳಿದ ಆಶಾ ಕಾರ್ಯಕರ್ತೆ ಗುಬ್ಬಿಯ ಹೆರಿಗೆ ವಾರ್ಡಿನಲ್ಲಿ ಇರುವುದಿಲ್ಲ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದವಳ ವಂಕಿಯ ದಾರ ನೋಡಬೇಕಾದವರು ಅದನ್ನು ಹಾಕಿದವರಲ್ಲ. ಹಾಕಿದವರಿಗೂ ಜೊತೆಗೆ ಕರೆತಂದ ಆಶಾಗೂ ತಲಾ 150 ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಿದ ಕಾರ್ಯಕ್ರಮ, ಈ ಎರಡು ಊರುಗಳ ನಡುವಿನ ವಿಚಾರಣೆಯನ್ನು ತಾಯಿ ಕಾರ್ಡಿನ ಒಂದು ಟಿಪ್ಪಣಿಗೆ ಬಿಟ್ಟಿದೆ.