ಒಂದು ಹೆಬ್ಬಾತು, ಮೂವತ್ತಾರು ವರ್ಷ

ಇಂದು ಉಕ್ರೇನಿನಲ್ಲಿರುವ ಲ್ವಿವ್ ನಗರ 1930ರ ದಶಕದಲ್ಲಿ ಪೋಲೆಂಡಿಗೆ ಸೇರಿತ್ತು. ಅಲ್ಲಿನ ಸ್ಕಾಟಿಷ್ ಕೆಫೆಯಲ್ಲಿ ಸ್ಟೆಫಾನ್ ಬಾನಾಖ್ ಮತ್ತು ಗೆಳೆಯರು ಅಮೃತಶಿಲೆಯ ಮೇಜಿನ ಮೇಲೆಯೇ ಪೆನ್ಸಿಲಿನಿಂದ ಗಣಿತ ಬರೆಯುತ್ತಿದ್ದರು. ಮೇಜು ಒರೆಸಿದರೆ ಲೆಕ್ಕವೂ ಹೋಯಿತು! 1935ರಲ್ಲಿ ಬಾನಾಖರ ಪತ್ನಿ ಒಂದು ದಪ್ಪ ನೋಟ್‌ಬುಕ್ ಕೊಂಡು ತಂದರು. ಅದರಲ್ಲಿ ಸಮಸ್ಯೆಯ ಜೊತೆಗೆ ಕೆಲವೊಮ್ಮೆ ಬಹುಮಾನವನ್ನೂ ಬರೆಯುತ್ತಿದ್ದರು. 1936ರ ನವೆಂಬರ್ 6ರಂದು ಮಜೂರ್ ಬರೆದ 153ನೇ ಸಮಸ್ಯೆಗೆ ಬಹುಮಾನ ಒಂದು ಜೀವಂತ ಹೆಬ್ಬಾತು.

ಈ ಹೆಬ್ಬಾತಿನ ಕಥೆಯನ್ನು ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ. ಪ್ರಶ್ನೆ ಏನೆಂದು ಹೇಳುವವರು ಕಡಿಮೆ.

ಬಾನಾಖ್ ಮಾಡಿದ್ದು ಇಷ್ಟು: ಒಂದೊಂದು ಫಲನವನ್ನೂ ಒಂದು ಬಿಂದುವೆಂದು ನೋಡಿ, ಅಂಥ ಬಿಂದುಗಳ ನಡುವೆ ದೂರ ಅಳೆದರು. ಒಂದು ಫಲನವನ್ನು ಪಡೆದು ಇನ್ನೊಂದನ್ನು ಕೊಡುವ ನಿಯಮವೇ ಆಪರೇಟರ್. ಒಳಹೋಗುವುದು ತುಸು ಬದಲಾದಾಗ ಹೊರಬರುವುದೂ ತುಸುವೇ ಬದಲಾದರೆ ಅದು ಅವಿಚ್ಛಿನ್ನ. ಅನುಕಲನ ಹೀಗೆ ಸಾಧು. ಅವಕಲನ ಹಾಗಲ್ಲ: ಗ್ರಾಫಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ, ಆದರೆ ಒತ್ತೊತ್ತಾದ ಅಲೆಗಳನ್ನು ಸೇರಿಸಿ ನೋಡಿ, ಎತ್ತರ ಬದಲಾಗದಿದ್ದರೂ ಇಳಿಜಾರು ಹುಚ್ಚೆದ್ದು ಏರುತ್ತದೆ. ಅವಿಚ್ಛಿನ್ನ ಆಪರೇಟರುಗಳಲ್ಲೂ ಅತ್ಯಂತ ಸಾಧುವಾದವುಗಳನ್ನು ‘ಕಾಂಪ್ಯಾಕ್ಟ್’ ಎನ್ನುತ್ತಾರೆ. ಸಾಂತ ಆಯಾಮದ ಆಪರೇಟರುಗಳಿಂದ ಇವುಗಳನ್ನು ಬೇಕಾದಷ್ಟು ಹತ್ತಿರದಿಂದ ಅನುಕರಿಸಲು ಎಲ್ಲ ಬಾನಾಖ್ ಅವಕಾಶಗಳಲ್ಲೂ ಸಾಧ್ಯವೇ? ಮಜೂರರ ಪ್ರಶ್ನೆ ವಾಸ್ತವವಾಗಿ ಇದೇ ಎಂದು ಮುಂದೆ ಗ್ರೋಥೆನ್‌ಡೀಕ್ ತೋರಿಸಿದರು.

ನೋಟ್‌ಬುಕ್ಕಿನ ಕೊನೆಯ ನಮೂದು 1941ರ ಮೇ 31ರದು, ಬೆಂಕಿಕಡ್ಡಿಗಳ ಕುರಿತು. ಮುಂದಿನ ತಿಂಗಳು ಜರ್ಮನ್ ಸೇನೆ ಬಂತು. ಬಾನಾಖರಿಗೆ ಕೆಲಸ ಕೊಟ್ಟಿದ್ದ ಪ್ರಾಧ್ಯಾಪಕ ವೊಮ್ನಿಟ್ಸ್ಕಿಯವರನ್ನು ಜುಲೈಯಲ್ಲೇ ಗುಂಡಿಕ್ಕಿ ಕೊಂದರು. ಯಹೂದಿಯಾಗಿದ್ದ ಶೌಡರ್ 1943ರಲ್ಲಿ ಹತರಾದರು. ಬಾನಾಖ್ ಟೈಫಸ್ ಲಸಿಕೆಯ ಸಂಸ್ಥೆಯಲ್ಲಿ ಹೇನುಗಳಿಗೆ ತಮ್ಮ ರಕ್ತ ಉಣಿಸುತ್ತ ಬದುಕುಳಿದರು. 1945ರ ಆಗಸ್ಟಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಊರು ಸೋವಿಯತ್ ಒಕ್ಕೂಟಕ್ಕೆ ಹೋಯಿತು.

1972ರಲ್ಲಿ ಸ್ವೀಡನ್ನಿನ ಪೆರ್ ಎನ್‌ಫ್ಲೋ ಉತ್ತರ ಕಂಡುಕೊಂಡರು: ಸಾಧ್ಯವಿಲ್ಲ. ಅವರು ಕಟ್ಟಿದ ವಿಚಿತ್ರ ಅವಕಾಶದಲ್ಲಿ ಅಂಥ ಅನುಕರಣೆಯೂ ಇಲ್ಲ, ಶೌಡರ್ ಹೆಸರಿನಲ್ಲೇ ಕರೆಯುವ ‘ಆಧಾರ’ವೂ ಇಲ್ಲ. ವಾರ್ಸಾದಲ್ಲಿ ಮಜೂರ್ ಮಾತಿಗೆ ತಪ್ಪದೆ ಬುಟ್ಟಿಯಲ್ಲಿ ಹೆಬ್ಬಾತು ತಂದುಕೊಟ್ಟರು.