ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳ ದೈಹಿಕ ಶಿಕ್ಷಣ ಮತ್ತು ಕ್ರೀಡಾ ನಿರ್ದೇಶಕರ ಆಯ್ಕೆ: ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಿಗೆ ಮಾಹಿತಿ

1. ಪೀಠಿಕೆ

ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕ್ರೀಡಾ ಚಟುವಟಿಕೆಗಳ ಹೊಣೆ ಹೊತ್ತ ಅಧಿಕಾರಿಯನ್ನು ದೈಹಿಕ ಶಿಕ್ಷಣ ಮತ್ತು ಕ್ರೀಡಾ ನಿರ್ದೇಶಕರು ಎಂದು ಕರೆಯಲಾಗುತ್ತದೆ. ಈ ಹುದ್ದೆಯು ತೆರವಾದಾಗ ಪ್ರಸಿದ್ಧ ಆಟಗಾರರೊಬ್ಬರನ್ನು ನೇಮಿಸಿದರೆ ಸಾಕೆಂಬ ಅಭಿಪ್ರಾಯವು ಸಾರ್ವಜನಿಕರಲ್ಲಿ ಸಾಮಾನ್ಯವಾಗಿ ಕಂಡುಬರುತ್ತದೆ. ಆದರೆ ನಿಯಮಗಳು ಅಭ್ಯರ್ಥಿಯ ಸ್ವಂತ ಆಟದ ಜೊತೆಗೆ ಅವರು ಇತರರಿಂದ ಆಡಿಸಿದ ಆಟ, ನಡೆಸಿದ ಶಿಬಿರ ಮತ್ತು ಸಂಘಟಿಸಿದ ಪಂದ್ಯಾವಳಿಗಳ ದಾಖಲೆಯನ್ನು ಕೇಳುತ್ತವೆ. ಹುದ್ದೆಯ ಶ್ರೇಣಿಯು ಏರಿದಂತೆ ಈ ಎರಡನೆಯ ಅಂಶದ ತೂಕವೂ ಹೆಚ್ಚುತ್ತದೆ. ಅಭ್ಯರ್ಥಿಗಳು, ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಆಯ್ಕೆಯ ವಿಧಾನವನ್ನು ಕ್ರಮಬದ್ಧವಾಗಿ ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಉಪವಿಭಾಗದ ಹಿನ್ನೆಲೆ

ಮಂಡ್ಯ ಜಿಲ್ಲೆಯು 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ಏಳು ತಾಲ್ಲೂಕುಗಳ ಪೈಕಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಪಾಂಡವಪುರ ಕಂದಾಯ ಉಪವಿಭಾಗಕ್ಕೆ ಸೇರುತ್ತವೆ.

ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳೆಲ್ಲರೂ ಒಂದೇ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವುದಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯು ದೀರ್ಘಕಾಲ ಮಂಡ್ಯ ಜಿಲ್ಲೆಯನ್ನೂ ಒಳಗೊಂಡಿತ್ತು. 2019ರಲ್ಲಿ ಮಂಡ್ಯದ ಸರ್ಕಾರಿ ಮಹಾವಿದ್ಯಾಲಯವನ್ನು ಆಧರಿಸಿ ಮಂಡ್ಯ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದಿತು. ಕೃಷ್ಣರಾಜಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಖಾಸಗಿ ವಲಯದ ಆದಿಚುಂಚನಗಿರಿ ವಿಶ್ವವಿದ್ಯಾಲಯವಿದೆ. ವಿದ್ಯಾರ್ಥಿಯ ನೋಂದಣಿಯು ಯಾವ ವಿಶ್ವವಿದ್ಯಾಲಯದಲ್ಲಿ ಇರುತ್ತದೆಯೋ ಆ ವಿಶ್ವವಿದ್ಯಾಲಯದ ತಂಡಕ್ಕೆ ಮಾತ್ರ ಆತನು ಅಥವಾ ಆಕೆಯು ಅರ್ಹರಾಗಿರುತ್ತಾರೆ.

ತಾಲ್ಲೂಕುಗಳ ನಡುವೆ ಸೌಲಭ್ಯದ ವ್ಯತ್ಯಾಸವೂ ಇದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳು ಬೆಂಗಳೂರು-ಮೈಸೂರು ರೈಲು ಮಾರ್ಗದಲ್ಲಿವೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಪಟ್ಟಣಗಳ ವಿದ್ಯಾರ್ಥಿಗಳು ಮೈಸೂರಿಗೆ ಅಥವಾ ಮಂಡ್ಯಕ್ಕೆ ಹೋಗಲು ಬಸ್ಸನ್ನೇ ಅವಲಂಬಿಸಬೇಕಾಗುತ್ತದೆ. ಕಿಕ್ಕೇರಿ, ಬಿಂಡಿಗನವಿಲೆ, ಮೇಲುಕೋಟೆ ಮುಂತಾದ ಹೋಬಳಿಗಳಿಂದ ಬರುವ ವಿದ್ಯಾರ್ಥಿಗಳು ಮೊದಲು ತಾಲ್ಲೂಕು ಕೇಂದ್ರವನ್ನು ತಲುಪಿ ಅಲ್ಲಿಂದ ಮುಂದೆ ಪ್ರಯಾಣಿಸಬೇಕು. ತಂಡದ ಆಯ್ಕೆಯನ್ನು ಬೆಳಗಿನ ಯಾವ ಹೊತ್ತಿಗೆ ಇಡಬೇಕು, ಸಂಜೆಯ ಅಭ್ಯಾಸವನ್ನು ಎಷ್ಟು ಗಂಟೆಗೆ ಮುಗಿಸಬೇಕು ಎಂಬ ನಿರ್ದೇಶಕರ ತೀರ್ಮಾನವೇ ಇಂತಹ ವಿದ್ಯಾರ್ಥಿಗಳ ಭಾಗವಹಿಸುವಿಕೆಯನ್ನು ನಿರ್ಧರಿಸುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ವಿದ್ಯಾರ್ಥಿನಿಯರ ಪ್ರಯಾಣ ವೆಚ್ಚದ ಹೊರೆ ಇಳಿದಿದೆ. ಆದರೆ ಕೊನೆಯ ಬಸ್ಸಿನ ವೇಳೆಯ ಪ್ರಶ್ನೆ ಹಾಗೆಯೇ ಉಳಿದಿದೆ.

3. ನಿರ್ದೇಶಕರ ಕರ್ತವ್ಯಗಳು

ಅ) ಕಾಲೇಜು ಮಟ್ಟದಲ್ಲಿ ಆಟಗಾರರನ್ನು ಗುರುತಿಸಿ ತರಬೇತಿ ನೀಡುವುದು, ಅಂತರ ಕಾಲೇಜು ಪಂದ್ಯಾವಳಿಗೆ ತಂಡಗಳನ್ನು ಕಳುಹಿಸುವುದು.

ಆ) ವಿಶ್ವವಿದ್ಯಾಲಯ ಮಟ್ಟದಲ್ಲಿ ವಾರ್ಷಿಕ ಕ್ರೀಡಾ ವೇಳಾಪಟ್ಟಿಯನ್ನು ಸಿದ್ಧಪಡಿಸುವುದು, ವಿಶ್ವವಿದ್ಯಾಲಯದ ತಂಡಗಳನ್ನು ಆಯ್ಕೆ ಮಾಡುವುದು, ಪೂರ್ವಭಾವಿ ತರಬೇತಿ ಶಿಬಿರಗಳನ್ನು ನಡೆಸುವುದು.

ಇ) ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುವ ದಕ್ಷಿಣ ವಲಯ ಹಾಗೂ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಿಗೆ ನಿಗದಿತ ದಿನಾಂಕದೊಳಗೆ ಪ್ರವೇಶ ಪತ್ರ ಮತ್ತು ಅರ್ಹತಾ ಪತ್ರಗಳನ್ನು ಸಲ್ಲಿಸುವುದು.

ಈ) ಕ್ರೀಡಾಂಗಣ, ವ್ಯಾಯಾಮ ಶಾಲೆ ಮತ್ತು ಕ್ರೀಡಾ ಸಾಮಗ್ರಿಗಳ ನಿರ್ವಹಣೆ, ಕ್ರೀಡಾ ಶುಲ್ಕದ ಆಯವ್ಯಯ ಸಿದ್ಧಪಡಿಸುವುದು.

ಉ) ಕ್ರೀಡಾ ಪ್ರಮಾಣ ಪತ್ರಗಳ ನೈಜತೆಯನ್ನು ದೃಢೀಕರಿಸುವುದು.

ಮೇಲ್ಕಂಡ ಕರ್ತವ್ಯಗಳ ಪೈಕಿ ಇ) ಮತ್ತು ಉ) ಅಂಶಗಳು ಕೇವಲ ಕಚೇರಿ ಕೆಲಸವೆಂದು ಕಂಡರೂ ವಿದ್ಯಾರ್ಥಿಯ ಭವಿಷ್ಯಕ್ಕೆ ನೇರವಾಗಿ ಸಂಬಂಧಿಸಿವೆ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಿಗೆ ವಯೋಮಿತಿಯಿದೆ. ಪ್ರವೇಶ ಪತ್ರವು ಒಂದು ವರ್ಷ ತಡವಾದರೆ ಅಂತಿಮ ಪದವಿಯ ಆಟಗಾರರಿಗೆ ಆ ಅವಕಾಶವು ಮತ್ತೆ ದೊರೆಯದಿರಬಹುದು. ವೃತ್ತಿ ಶಿಕ್ಷಣದ ಕ್ರೀಡಾ ಕೋಟಾ ಸೀಟುಗಳಿಗೂ ಸರ್ಕಾರಿ ನೇಮಕಾತಿಯ ಕ್ರೀಡಾ ಮೀಸಲಾತಿಗೂ ಮಾನ್ಯವಾದ ಪ್ರಮಾಣ ಪತ್ರವೇ ಆಧಾರವಾಗಿರುತ್ತದೆ. ಪ್ರಮಾಣ ಪತ್ರದ ದೃಢೀಕರಣದಲ್ಲಿ ಸಡಿಲಿಕೆ ಉಂಟಾದಲ್ಲಿ ನಿಜವಾದ ಆಟಗಾರನ ಸ್ಥಾನವು ಬೇರೊಬ್ಬರ ಪಾಲಾಗುತ್ತದೆ.

4. ಹುದ್ದೆಗಳ ಶ್ರೇಣಿ ಮತ್ತು ಅರ್ಹತೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಜುಲೈ 18ರಂದು ಅಧಿಸೂಚಿಸಿದ ವಿನಿಯಮಗಳಲ್ಲಿ ಈ ಹುದ್ದೆಗಳ ಕನಿಷ್ಠ ಅರ್ಹತೆಯನ್ನು ವಿಧಿಸಲಾಗಿದೆ. ಅದರ ಮುಖ್ಯಾಂಶಗಳು ಈ ಕೆಳಕಂಡಂತಿವೆ.

(1) ವಿಶ್ವವಿದ್ಯಾಲಯದ ಸಹಾಯಕ ನಿರ್ದೇಶಕರು ಮತ್ತು ಕಾಲೇಜು ನಿರ್ದೇಶಕರು: ದೈಹಿಕ ಶಿಕ್ಷಣ ಅಥವಾ ಕ್ರೀಡಾ ವಿಜ್ಞಾನದಲ್ಲಿ ಶೇ. 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ ಹೊಂದಿರತಕ್ಕದ್ದು. ಅಂತರ ವಿಶ್ವವಿದ್ಯಾಲಯ ಅಥವಾ ಅಂತರ ಕಾಲೇಜು ಸ್ಪರ್ಧೆಗಳಲ್ಲಿ, ಇಲ್ಲವೇ ರಾಜ್ಯ ಅಥವಾ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಪ್ರತಿನಿಧಿಸಿದ ದಾಖಲೆ ಇರತಕ್ಕದ್ದು. ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ರಾಜ್ಯ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರತಕ್ಕದ್ದು. ನಿಗದಿತ ಷರತ್ತುಗಳಂತೆ ಪಿಎಚ್.ಡಿ. ಪಡೆದವರಿಗೆ ಇದರಿಂದ ವಿನಾಯಿತಿ ಇದೆ. ಪರ್ಯಾಯವಾಗಿ, ಸ್ನಾತಕೋತ್ತರ ಪದವಿ ಹೊಂದಿರುವ ಏಷ್ಯನ್ ಕ್ರೀಡಾಕೂಟ ಅಥವಾ ಕಾಮನ್‌ವೆಲ್ತ್ ಕ್ರೀಡಾಕೂಟದ ಪದಕ ವಿಜೇತರೂ ಅರ್ಹರು.

(2) ಉಪ ನಿರ್ದೇಶಕರು: ಪಿಎಚ್.ಡಿ. ಪದವಿ, ಸಹಾಯಕ ನಿರ್ದೇಶಕ ಅಥವಾ ಕಾಲೇಜು ನಿರ್ದೇಶಕರಾಗಿ 8 ವರ್ಷಗಳ ಅನುಭವ, ಪಂದ್ಯಾವಳಿಗಳನ್ನೂ ಕನಿಷ್ಠ ಎರಡು ವಾರಗಳ ತರಬೇತಿ ಶಿಬಿರಗಳನ್ನೂ ಸಂಘಟಿಸಿದ ಪುರಾವೆ, ತಂಡಗಳಿಂದ ಅಥವಾ ಕ್ರೀಡಾಪಟುಗಳಿಂದ ಉತ್ತಮ ಸಾಧನೆ ಹೊರತಂದ ಪುರಾವೆ. ಪರ್ಯಾಯವಾಗಿ, ಸ್ನಾತಕೋತ್ತರ ಪದವಿ ಹೊಂದಿರುವ ಒಲಿಂಪಿಕ್, ವಿಶ್ವಕಪ್ ಅಥವಾ ವಿಶ್ವ ಚಾಂಪಿಯನ್‌ಷಿಪ್ ಪದಕ ವಿಜೇತರು.

(3) ವಿಶ್ವವಿದ್ಯಾಲಯದ ನಿರ್ದೇಶಕರು: ಪಿಎಚ್.ಡಿ. ಪದವಿ, ಮೇಲ್ಕಂಡ ಹುದ್ದೆಗಳಲ್ಲಿ ಅಥವಾ ದೈಹಿಕ ಶಿಕ್ಷಣದ ಬೋಧನೆಯಲ್ಲಿ ಕನಿಷ್ಠ 10 ವರ್ಷಗಳ ಅನುಭವ, ಪಂದ್ಯಾವಳಿ ಮತ್ತು ಎರಡು ವಾರಗಳ ಶಿಬಿರ ಸಂಘಟಿಸಿದ ಪುರಾವೆ, ತಂಡಗಳ ಉತ್ತಮ ಸಾಧನೆಯ ಪುರಾವೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ ಹಾಗೂ ವಿಕಲಚೇತನ ಅಭ್ಯರ್ಥಿಗಳಿಗೆ ಪದವಿ ಅಂಕಗಳಲ್ಲಿ ಶೇ. 5ರ ಸಡಿಲಿಕೆ ಇದೆ. ಅಭ್ಯರ್ಥಿಗಳು ಅರ್ಜಿ ಸಲ್ಲಿಸುವಾಗ ಆಯಾ ನೇಮಕಾತಿ ಅಧಿಸೂಚನೆಯಲ್ಲಿ ನಮೂದಿಸಿರುವ ಷರತ್ತುಗಳನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.

5. ದೈಹಿಕ ಸಾಮರ್ಥ್ಯ ಪರೀಕ್ಷೆ

ಸದರಿ ವಿನಿಯಮಗಳ ಪ್ರಕಾರ ಸಹಾಯಕ ಮತ್ತು ಉಪ ನಿರ್ದೇಶಕರ ಹುದ್ದೆಗಳಿಗೆ ಓಟ ಅಥವಾ ನಡಿಗೆಯ ಪರೀಕ್ಷೆ ಇರುತ್ತದೆ. ಪುರುಷರು 12 ನಿಮಿಷಗಳಲ್ಲಿ ಕ್ರಮಿಸಬೇಕಾದ ದೂರ: 30 ವರ್ಷದವರೆಗೆ 1800 ಮೀಟರ್, 40 ವರ್ಷದವರೆಗೆ 1500 ಮೀಟರ್, 45 ವರ್ಷದವರೆಗೆ 1200 ಮೀಟರ್, 50 ವರ್ಷದವರೆಗೆ 800 ಮೀಟರ್. ಮಹಿಳೆಯರು 8 ನಿಮಿಷಗಳಲ್ಲಿ ಕ್ರಮಿಸಬೇಕಾದ ದೂರ: ಅದೇ ವಯೋಮಾನಗಳಿಗೆ ಕ್ರಮವಾಗಿ 1000, 800, 600 ಮತ್ತು 400 ಮೀಟರ್. ಪರೀಕ್ಷೆಗೆ ಮುನ್ನ ವೈದ್ಯಕೀಯ ಪ್ರಮಾಣ ಪತ್ರವನ್ನು ಸಲ್ಲಿಸುವುದು ಕಡ್ಡಾಯ.

6. ಆಯ್ಕೆ ಸಮಿತಿ

ವಿಶ್ವವಿದ್ಯಾಲಯದ ನಿರ್ದೇಶಕ, ಉಪ ನಿರ್ದೇಶಕ ಮತ್ತು ಸಹಾಯಕ ನಿರ್ದೇಶಕ ಹುದ್ದೆಗಳ ಆಯ್ಕೆ ಸಮಿತಿಯು ಕ್ರಮವಾಗಿ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ ಮತ್ತು ಸಹಾಯಕ ಪ್ರಾಧ್ಯಾಪಕ ಹುದ್ದೆಗಳ ಸಮಿತಿಯಂತೆಯೇ ಇರುತ್ತದೆ. ಕುಲಪತಿಗಳು ಅಧ್ಯಕ್ಷರಾಗಿರುತ್ತಾರೆ. ವಿಷಯ ತಜ್ಞರಲ್ಲಿ ಒಬ್ಬರು ದೈಹಿಕ ಶಿಕ್ಷಣ ಅಥವಾ ಕ್ರೀಡಾ ಆಡಳಿತದ ತಜ್ಞರಾಗಿರತಕ್ಕದ್ದು. ಹೊರಗಿನ ಇಬ್ಬರು ತಜ್ಞರೂ ಸೇರಿದಂತೆ ಕನಿಷ್ಠ ನಾಲ್ವರು ಸದಸ್ಯರ ಹಾಜರಾತಿ ಅಗತ್ಯ. ರಾಜ್ಯ ವಿಶ್ವವಿದ್ಯಾಲಯಗಳಿಗೆ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಉಪಬಂಧಗಳೂ ಅನ್ವಯಿಸುತ್ತವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ನೇಮಕಾತಿಯು ರಾಜ್ಯ ಸರ್ಕಾರದ ವೃಂದ ಮತ್ತು ನೇಮಕಾತಿ ನಿಯಮಗಳು ಹಾಗೂ ಮೀಸಲಾತಿ ಬಿಂದುಗಳ ಅನುಸಾರ ನಡೆಯುತ್ತದೆ.

7. ಪುರಾವೆಯ ಪರಿಶೀಲನೆ

ವಿನಿಯಮಗಳಲ್ಲಿರುವ "ಪುರಾವೆ" ಎಂಬ ಪದಕ್ಕೆ ವಿಶೇಷ ಗಮನ ನೀಡುವುದು ಅಗತ್ಯ. ಶಿಬಿರ ನಡೆಸಿದ್ದಾಗಿ ಅಭ್ಯರ್ಥಿಯು ಹೇಳಿಕೊಂಡ ಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ. ಶಿಬಿರದ ಮಂಜೂರಾತಿ ಆದೇಶ, ದಿನವಹಿ ಹಾಜರಾತಿ ಪಟ್ಟಿ, ಊಟೋಪಹಾರ ಮತ್ತು ಪ್ರಯಾಣದ ವೋಚರುಗಳು, ಶಿಬಿರಾರ್ಥಿಗಳು ನಂತರ ಭಾಗವಹಿಸಿದ ಪಂದ್ಯಾವಳಿಯ ಫಲಿತಾಂಶ ಇವು ಒಂದಕ್ಕೊಂದು ತಾಳೆಯಾಗಬೇಕು. ಹದಿನಾಲ್ಕು ದಿನಗಳ ಶಿಬಿರಕ್ಕೆ ಹತ್ತು ದಿನಗಳ ಹಾಜರಾತಿ ಮಾತ್ರ ಇದ್ದಲ್ಲಿ ಷರತ್ತು ಪೂರೈಕೆಯಾಗಿಲ್ಲವೆಂದೇ ಅರ್ಥ.

ತಂಡದ ಸಾಧನೆಯ ವಿಷಯದಲ್ಲಿ ಪದಕಗಳ ಒಟ್ಟು ಸಂಖ್ಯೆಯೊಂದನ್ನೇ ನೋಡಿದರೆ ಚಿತ್ರವು ಅಪೂರ್ಣವಾಗುತ್ತದೆ. ಈಗಾಗಲೇ ಪಳಗಿದ ಆಟಗಾರರಿಗೆ ಪ್ರವೇಶ ನೀಡಿ ಪದಕ ಗಳಿಸಿದ ಕಾಲೇಜು ಒಂದು ಬಗೆಯದು; ಗ್ರಾಮೀಣ ಪ್ರೌಢಶಾಲೆಯಲ್ಲಿ ಕಬಡ್ಡಿ ಅಥವಾ ಖೋ-ಖೋ ಆಡಿ ಬಂದವರನ್ನು ಮೂರು ವರ್ಷಗಳಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಸಿದ್ಧಗೊಳಿಸಿದ ಕಾಲೇಜು ಇನ್ನೊಂದು ಬಗೆಯದು. ಪ್ರಥಮ ವರ್ಷದಲ್ಲಿ ತಂಡದಲ್ಲಿದ್ದವರ ಪೈಕಿ ಅಂತಿಮ ವರ್ಷದವರೆಗೆ ಎಷ್ಟು ಮಂದಿ ಉಳಿದರು, ಅವರಲ್ಲಿ ವಿದ್ಯಾರ್ಥಿನಿಯರೆಷ್ಟು ಎಂಬುದನ್ನು ಹಾಜರಾತಿ ವಹಿಯಿಂದಲೇ ತಿಳಿಯಬಹುದು. ಈ ಉಪವಿಭಾಗದಂತಹ ಗ್ರಾಮೀಣ ಪ್ರದೇಶಕ್ಕೆ ಎರಡನೆಯ ಬಗೆಯ ಅನುಭವವೇ ಹೆಚ್ಚು ಉಪಯುಕ್ತ.

8. ಕ್ರೀಡಾಂಗಣ ಮತ್ತು ಹಣಕಾಸು

ಕ್ರೀಡಾ ಶುಲ್ಕವು ವಿದ್ಯಾರ್ಥಿಗಳಿಂದ ಸಂಗ್ರಹಿಸಿದ ಹಣ. ಆಟವಾಡದ ವಿದ್ಯಾರ್ಥಿಯೂ ಇದನ್ನು ಪಾವತಿಸಿರುತ್ತಾನೆ. ಆದ್ದರಿಂದ ನಗದು ಪುಸ್ತಕ, ದಾಸ್ತಾನು ವಹಿ ಮತ್ತು ಅನುಪಯುಕ್ತ ಸಾಮಗ್ರಿಗಳ ವಿಲೇವಾರಿ ವಹಿಗಳನ್ನು ನಿರ್ವಹಿಸಿದ ಅನುಭವವು ಅಭ್ಯರ್ಥಿಗೆ ಇರಬೇಕು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸಾಮಗ್ರಿ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ.

ಸ್ಥಳೀಯ ನಿರ್ಬಂಧಗಳ ತಿಳಿವಳಿಕೆಯೂ ಬೇಕು. ಉದಾಹರಣೆಗೆ ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್, ಗುಂಬಜ್ ಮುಂತಾದ ಸಂರಕ್ಷಿತ ಸ್ಮಾರಕಗಳಿವೆ. ಇಂತಹ ಸ್ಮಾರಕಗಳ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್‌ಗಳಲ್ಲಿ ಅನುಮತಿ ಅಗತ್ಯ. ಕ್ರೀಡಾಂಗಣಕ್ಕೆ ಪ್ರೇಕ್ಷಕರ ಮೆಟ್ಟಿಲು ಅಥವಾ ಒಳಾಂಗಣ ಕಟ್ಟಡವನ್ನು ಯೋಜಿಸುವ ಮುನ್ನ ಈ ಅಂಶವನ್ನು ಪರಿಶೀಲಿಸದಿದ್ದಲ್ಲಿ ಮಂಜೂರಾದ ಅನುದಾನವು ಬಳಕೆಯಾಗದೆ ಉಳಿಯುವ ಸಂಭವವಿರುತ್ತದೆ.

9. ವಿದ್ಯಾರ್ಥಿನಿಯರ ಸುರಕ್ಷತೆ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಅಧಿನಿಯಮವು ಕ್ರೀಡಾ ಸಂಸ್ಥೆ, ಕ್ರೀಡಾಂಗಣ ಮತ್ತು ಸ್ಪರ್ಧೆ ನಡೆಯುವ ಸ್ಥಳಗಳನ್ನೂ ಕೆಲಸದ ಸ್ಥಳದ ವ್ಯಾಖ್ಯೆಯಲ್ಲಿ ಸೇರಿಸಿದೆ. ಪರಸ್ಥಳಕ್ಕೆ ತೆರಳುವ ಮಹಿಳಾ ತಂಡದ ಜೊತೆಗೆ ಮಹಿಳಾ ವ್ಯವಸ್ಥಾಪಕರನ್ನು ಕಳುಹಿಸುವುದು, ವಸತಿಯನ್ನು ಮುಂಚಿತವಾಗಿ ಪರಿಶೀಲಿಸುವುದು, ಆಂತರಿಕ ಸಮಿತಿಯ ವಿವರಗಳನ್ನು ಪ್ರಕಟಿಸುವುದು ಇವುಗಳ ಬಗ್ಗೆ ಅಭ್ಯರ್ಥಿಯು ಹಿಂದಿನ ಹುದ್ದೆಯಲ್ಲಿ ಕೈಗೊಂಡ ಕ್ರಮಗಳನ್ನು ಸಂದರ್ಶನದಲ್ಲಿ ಕೇಳುವುದು ಸೂಕ್ತ. ತಂಡದಲ್ಲಿ ಸ್ಥಾನ ನೀಡುವ ಅಧಿಕಾರ ಇರುವವರ ವಿರುದ್ಧ ದೂರು ನೀಡಲು ವಿದ್ಯಾರ್ಥಿನಿಯರು ಹಿಂಜರಿಯುತ್ತಾರೆ. ಆದ್ದರಿಂದ ನೇಮಕಾತಿಗೆ ಮುನ್ನವೇ ಹಿಂದಿನ ಸಂಸ್ಥೆಯಿಂದ ನಡತೆಯ ಕುರಿತು ಲಿಖಿತ ವರದಿ ಪಡೆಯುವುದು ಅವಶ್ಯ. ಉದ್ದೀಪನ ಮದ್ದು ಸೇವನೆಯ ಅಪಾಯದ ಬಗ್ಗೆ ಅರಿವು ಮೂಡಿಸುವ ಹೊಣೆಯೂ ನಿರ್ದೇಶಕರದಾಗಿದ್ದು, ಈ ವಿಷಯಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಅಧಿನಿಯಮ, 2022 ರೂಪಿತವಾಗಿದೆ.

10. ಮುಂದಿನ ಅವಕಾಶಗಳು

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವು 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಯಿತು. ಎರಡನೆಯ ಕೂಟವು 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಇದರೊಂದಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ತಾಲ್ಲೂಕು ಮಟ್ಟದಿಂದ ಆರಂಭಿಸುವ ದಸರಾ ಕ್ರೀಡಾಕೂಟವೂ ಇದೆ. ತಾಲ್ಲೂಕು ದಸರಾ ಕೂಟದಲ್ಲಿ ಗೆದ್ದ ವಿದ್ಯಾರ್ಥಿಯನ್ನು ಗುರುತಿಸಿ ವಿಶ್ವವಿದ್ಯಾಲಯದ ತಂಡದವರೆಗೆ ತರುವ ಕೊಂಡಿಯಾಗಿ ನಿರ್ದೇಶಕರು ಕಾರ್ಯ ನಿರ್ವಹಿಸಬೇಕಾಗುತ್ತದೆ.

11. ಸಾರ್ವಜನಿಕರ ಗಮನಕ್ಕೆ

ಅ) ಪ್ರವೇಶ ಪಡೆಯುವಾಗ ಕಾಲೇಜಿನಲ್ಲಿ ನಿರ್ದೇಶಕರ ಹುದ್ದೆಯು ಭರ್ತಿಯಾಗಿದೆಯೇ ಅಥವಾ ಪ್ರಭಾರದಲ್ಲಿದೆಯೇ ಎಂಬುದನ್ನು ಪೋಷಕರು ಪ್ರಾಂಶುಪಾಲರಲ್ಲಿ ವಿಚಾರಿಸಬಹುದು. ಪ್ರಭಾರದಲ್ಲಿದ್ದಲ್ಲಿ ಪ್ರವೇಶ ಪತ್ರಗಳಿಗೆ ಯಾರು ಸಹಿ ಮಾಡುತ್ತಾರೆಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಆ) ಅಂತರ ಕಾಲೇಜು ಪಂದ್ಯಾವಳಿಗಳ ವೇಳಾಪಟ್ಟಿ ಮತ್ತು ತಂಡದ ಆಯ್ಕೆಯ ದಿನಾಂಕಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವಂತೆ ವಿದ್ಯಾರ್ಥಿಗಳು ಕೋರಬಹುದು.

ಇ) ಭಾಗವಹಿಸಿದ ಪ್ರತಿಯೊಂದು ಸ್ಪರ್ಧೆಯ ಪ್ರಮಾಣ ಪತ್ರವನ್ನು ಅದೇ ವರ್ಷದಲ್ಲಿ ಪಡೆದು ದೃಢೀಕರಿಸಿಕೊಳ್ಳುವುದು ಸೂಕ್ತ.

ಈ) ನೇಮಕಾತಿ ಪ್ರಕ್ರಿಯೆ ಹಾಗೂ ಕ್ರೀಡಾ ಶುಲ್ಕದ ಬಳಕೆಯ ಬಗ್ಗೆ ಮಾಹಿತಿ ಹಕ್ಕು ಅಧಿನಿಯಮ, 2005ರ ಉಪಬಂಧಗಳಿಗೆ ಒಳಪಟ್ಟು ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಉ) ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಸಂಬಂಧಿಸಿದ ಅಹವಾಲುಗಳನ್ನು ಮೊದಲು ಪ್ರಾಂಶುಪಾಲರಿಗೂ, ನಂತರ ಕಾಲೇಜು ಶಿಕ್ಷಣ ಇಲಾಖೆಯ ಮೈಸೂರಿನ ಜಂಟಿ ನಿರ್ದೇಶಕರ ಕಚೇರಿಗೂ ಸಲ್ಲಿಸಬಹುದು. ವಿಶ್ವವಿದ್ಯಾಲಯದ ತಂಡಗಳ ಆಯ್ಕೆಗೆ ಸಂಬಂಧಿಸಿದ ಅಹವಾಲುಗಳನ್ನು ಆಯಾ ವಿಶ್ವವಿದ್ಯಾಲಯದ ಕುಲಸಚಿವರಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.